ಗೂಡಿನ ಅಳತೆ, ಮೊಟ್ಟೆಯ ಲೆಕ್ಕ

ನಮ್ಮ ಕಾಡಂಚಿನಲ್ಲಿ ಜುಟ್ಟಿರುವ ಒಂದು ಬಾನಾಡಿ ಹಕ್ಕಿ (ಕ್ರೆಸ್ಟೆಡ್ ಟ್ರೀಸ್ವಿಫ್ಟ್) ಇದೆ. ಒಣಗಿದ ಕೊಂಬೆಯ ಮೇಲೆ ನೆಟ್ಟಗೆ ಕೂರುತ್ತದೆ, ಅಲ್ಲಿಂದ ಹಾರಿ ಗಾಳಿಯಲ್ಲೇ ಹುಳ ಹಿಡಿಯುತ್ತದೆ. ಅದರ ಗೂಡು ಕಣ್ಣೆದುರಿಗಿದ್ದರೂ ಗೊತ್ತಾಗುವುದು ಕಷ್ಟ. ತೊಗಟೆಯ ಚೂರು, ಒಂದಿಷ್ಟು ಪುಕ್ಕ, ಇವನ್ನು ತನ್ನ ಜೊಲ್ಲಿನಿಂದ ಕೊಂಬೆಯ ಪಕ್ಕಕ್ಕೆ ಅಂಟಿಸಿ ಮಾಡಿದ ಪುಟ್ಟ ಬಟ್ಟಲು ಅದು. ಒಳಗೆ ಒಂದೇ ಮೊಟ್ಟೆ. ಎರಡನೆಯದಕ್ಕೆ ಜಾಗವೇ ಇಲ್ಲ. ಕಾವು ಕೊಡುವ ಹಕ್ಕಿ ಗೂಡಿನೊಳಗೆ ಕೂರುವುದಕ್ಕೂ ಆಗುವುದಿಲ್ಲ. ಕೊಂಬೆಯ ಮೇಲೆ ಕೂತು ಹೊಟ್ಟೆಯ ಗರಿಗಳಿಂದ ಗೂಡನ್ನೇ ಮುಚ್ಚಿಬಿಡುತ್ತದೆ.

ಗೂಡು ಚಿಕ್ಕದು ಅಂತ ಅದು ಒಂದೇ ಮೊಟ್ಟೆ ಇಡುತ್ತದೋ? ಅಥವಾ ಇಡುವುದು ಒಂದೇ ಮೊಟ್ಟೆ, ಇಷ್ಟು ಗೂಡು ಸಾಕು ಅಂತ ಕಟ್ಟುತ್ತದೋ?

ಈ ಪ್ರಶ್ನೆ ಸುಲಭದ್ದು ಅನ್ನಿಸಬಹುದು. ಆದರೆ ಹಕ್ಕಿ ವಿಜ್ಞಾನಿಗಳು ಮೂರು ತಲೆಮಾರಿನಿಂದ ಇದರ ಹಿಂದೆ ಬಿದ್ದಿದ್ದಾರೆ. ಮೊಟ್ಟೆ ಎಷ್ಟು ಅನ್ನುವುದು ಹಕ್ಕಿಯ ಇಡೀ ಬದುಕಿನ ಲೆಕ್ಕ. ಜಾಸ್ತಿ ಇಟ್ಟರೆ ಮರಿಗಳು ಉಪವಾಸ ಬೀಳಬಹುದು. ಕಡಿಮೆ ಇಟ್ಟರೆ ಆ ವರ್ಷ ವ್ಯರ್ಥವಾಗಬಹುದು. ಗೂಡು ಆ ಲೆಕ್ಕದಲ್ಲಿ ಒಂದು ಅಂಕಿ ಅಷ್ಟೇ. ಆದರೆ ನಾವು ಕೈಯಾರೆ ಬದಲಾಯಿಸಬಹುದಾದ ಅಂಕಿ ಅದೊಂದೇ. ಗುಬ್ಬಚ್ಚಿಗೆ ಪೆಟ್ಟಿಗೆ ನೇತುಹಾಕುವ ಪ್ರತಿಯೊಬ್ಬರೂ ಆ ಅಂಕಿಯನ್ನು ಮುಟ್ಟುತ್ತಿರುತ್ತಾರೆ. ಅದಕ್ಕೇ ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು ಅನ್ನಿಸಿತು.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಗೂಡಿನ ಗಾತ್ರ ಅಂದರೆ ಯಾವುದು? ಹೊರಗಿನಿಂದ ಕಾಣುವ ದಪ್ಪವೋ, ಮೊಟ್ಟೆ ಕೂರುವ ಒಳಗಿನ ಬಟ್ಟಲೋ? ಇವೆರಡೂ ಬೇರೆ ಬೇರೆ. ಒಳಬಟ್ಟಲನ್ನು ಹೆಚ್ಚಿನ ಹಕ್ಕಿಗಳು ತಮ್ಮ ಮೈಯಿಂದಲೇ ಅಳೆಯುತ್ತವೆ. ಪಿಕಳಾರ ಗೂಡು ಕಟ್ಟುವಾಗ ಗಮನಿಸಿ. ನಾರು ತಂದು ಇಟ್ಟ ಮೇಲೆ ನಡುವೆ ಕೂತು ಎದೆಯಿಂದ ಒತ್ತುತ್ತದೆ, ಸ್ವಲ್ಪ ತಿರುಗುತ್ತದೆ, ಮತ್ತೆ ಒತ್ತುತ್ತದೆ. ಕುಂಬಾರನ ಚಕ್ರ ನಿಂತಿದೆ, ಕುಂಬಾರನೇ ತಿರುಗುತ್ತಿದ್ದಾನೆ ಅನ್ನುವ ಹಾಗೆ. ಹಾಗಾಗಿ ಒಳಬಟ್ಟಲು ಅಂದರೆ ತಾಯಿಯ ಎದೆಯ ಅಚ್ಚು.

ಹೊರಗಿನ ಗಾತ್ರಕ್ಕೆ ಬೇರೆ ಕಾರಣಗಳಿವೆ. ಚಳಿಗೆ ದಪ್ಪ ಗೋಡೆ ಬೇಕು. ಗಾಳಿಗೆ ಗಟ್ಟಿ ಕಟ್ಟು ಬೇಕು. ಗೀಜಗದ ಗೂಡು ಉದ್ದ ಇರುವುದು ಒಳಗೆ ಜಾಸ್ತಿ ಮೊಟ್ಟೆ ಇಡಲಿ ಅಂತ ಅಲ್ಲ. ಗಂಡು ಅರ್ಧ ಗೂಡು ಕಟ್ಟಿ ನಿಲ್ಲಿಸುತ್ತದೆ, ಹೆಣ್ಣು ಬಂದು ಒಳಗೆಲ್ಲ ನೋಡುತ್ತದೆ, ಒಪ್ಪಿದರೆ ಮಾತ್ರ ಗಂಡು ಉಳಿದದ್ದನ್ನು ಮುಗಿಸುತ್ತದೆ. ಆಮೇಲೆ ಇಳಿಬೀಳುವ ಆ ಕೊಳವೆ ಬಾಗಿಲು. ಮೊಟ್ಟೆ ಇರುವುದು ಮೇಲಿನ ಸಣ್ಣ ಕೋಣೆಯಲ್ಲಿ, ಎರಡರಿಂದ ನಾಲ್ಕು. ಅಷ್ಟು ದೊಡ್ಡ ಗೂಡಿನ ಬಹುಪಾಲು ಬರೀ ಬಂದೋಬಸ್ತು.

ಹೊರಗಿನ ಗಾತ್ರವನ್ನು ಹಿಡಿದು ಹೋದರೆ ಎಷ್ಟು ದಾರಿ ತಪ್ಪುತ್ತೇವೆ ಅನ್ನುವುದಕ್ಕೆ ಹದ್ದುಗಳನ್ನು ನೋಡಬೇಕು. ಅಮೆರಿಕದ ಫ್ಲೋರಿಡಾದಲ್ಲಿ 1963ರಲ್ಲಿ ಬೋಳು ಹದ್ದಿನ ಒಂದು ಗೂಡನ್ನು ಅಳೆದರು. ಅಗಲ 2.9 ಮೀಟರ್, ಆಳ 6 ಮೀಟರ್, ತೂಕ ಎರಡು ಟನ್ನಿಗೂ ಮೇಲೆ. ಅದು ಇಡುವ ಮೊಟ್ಟೆ ಒಂದರಿಂದ ಮೂರು. ನಮ್ಮ ಕರಾವಳಿಯ ಬಿಳಿಹೊಟ್ಟೆಯ ಕಡಲ ಹದ್ದೂ ಹೀಗೇ. ಎತ್ತರದ ಮರದ ಮೇಲೆ ದೊಡ್ಡ ಅಟ್ಟದಂಥ ಗೂಡು, ಸಾಮಾನ್ಯವಾಗಿ ಎರಡು ಮೊಟ್ಟೆ. ಇವು ಅದೇ ಗೂಡಿಗೆ ವರ್ಷ ವರ್ಷ ಬರುತ್ತವೆ, ಬಂದಾಗೆಲ್ಲ ಮತ್ತಷ್ಟು ಕಡ್ಡಿ ಸೇರಿಸುತ್ತವೆ. ಗೂಡು ಬೆಳೆಯುತ್ತಾ ಹೋಗುತ್ತದೆ, ಮೊಟ್ಟೆ ಬೆಳೆಯುವುದಿಲ್ಲ.

ಇದರ ಇನ್ನೊಂದು ತುದಿ ಯುರೋಪಿನ ಗೋಲ್ಡ್‌ಕ್ರೆಸ್ಟ್. ಐದಾರು ಗ್ರಾಂ ತೂಗುವ ಹಕ್ಕಿ. ಜೇಡರ ಬಲೆ ಮತ್ತು ಪಾಚಿಯಿಂದ ಹೆಣೆದ ಪುಟ್ಟ ತೂಗುಗೂಡಿನಲ್ಲಿ ಹತ್ತರ ಹತ್ತಿರ ಮೊಟ್ಟೆ ಇಡುತ್ತದೆ! ಜಾಗ ಸಾಲದೆ ಮೊಟ್ಟೆಗಳು ಒಂದರ ಮೇಲೊಂದು ಕೂರುತ್ತವೆ. ಹೊಟ್ಟೆಯ ಕಾವು ಕೆಳಗಿನವಕ್ಕೆ ತಲುಪುವುದಿಲ್ಲ. ಅದಕ್ಕೆ ತಾಯಿ ತನ್ನ ಬೆಚ್ಚಗಿನ ಕಾಲುಗಳನ್ನು ಮೊಟ್ಟೆಗಳ ಸಂದಿಗೆ ಇಳಿಸಿ ಕಾವು ಕೊಡುತ್ತದೆ. ಇದನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಹಾಗಾದರೆ ಜಾತಿಯಿಂದ ಜಾತಿಗೆ ಹೋಲಿಸಿದರೆ "ದೊಡ್ಡ ಗೂಡು, ಜಾಸ್ತಿ ಮೊಟ್ಟೆ" ಅನ್ನುವುದು ನಿಲ್ಲುವುದಿಲ್ಲ. ಬೆಂಗಳೂರಿನ ಬಾಲ್ಕನಿಗಳಲ್ಲಿ ದಿನಾ ಕಾಣುವ ಪಾರಿವಾಳವೇ ಸಾಕ್ಷಿ. ಎಸಿ ಪೆಟ್ಟಿಗೆಯ ಹಿಂದೆ ಬೇಕಾದಷ್ಟು ಜಾಗ. ನಾಲ್ಕು ಕಡ್ಡಿ ಎಳೆದು ಹಾಕಿರುತ್ತದೆ. ಆದರೂ ಮೊಟ್ಟೆ ಎರಡೇ. ಪಾರಿವಾಳ, ಬೆಳವ ಹಕ್ಕಿಗಳು ಮರಿಗಳಿಗೆ ಮೊದಲು ಕೊಡುವುದು ಕಾಳಲ್ಲ. ಗಂಟಲಿನ ಚೀಲದಲ್ಲಿ ಹಾಲಿನಂಥ ಒಂದು ಗಟ್ಟಿ ಆಹಾರ ತಯಾರಾಗುತ್ತದೆ. ಗಂಡು ಹೆಣ್ಣು ಎರಡೂ ಅದನ್ನೇ ಮರಿಗಳ ಬಾಯಿಗೆ ಕಕ್ಕುತ್ತವೆ. ಮೈಯೊಳಗೆ ತಯಾರಾಗುವ ಆ ಹಾಲು ಇಬ್ಬರಿಗೆ ಸಾಕಾಗುತ್ತದೆ, ನಾಲ್ವರಿಗೆ ಎಲ್ಲಿ ಸಾಲುತ್ತದೆ?

ಊಟದ ಈ ಲೆಕ್ಕವನ್ನು ಮೊದಲು ಸ್ಪಷ್ಟವಾಗಿ ಹೇಳಿದವರು ಇಂಗ್ಲೆಂಡಿನ ಡೇವಿಡ್ ಲ್ಯಾಕ್. ತಂದೆತಾಯಿ ಎಷ್ಟು ಮರಿಗಳ ಹೊಟ್ಟೆ ತುಂಬಿಸಬಲ್ಲರೋ ಅಷ್ಟೇ ಮೊಟ್ಟೆ ಇಡುವ ಗುಣ ಉಳಿದುಕೊಳ್ಳುತ್ತದೆ ಎಂದು ಅವರು 1947ರಲ್ಲಿ ವಾದಿಸಿದರು. ಅದೇ ವರ್ಷ ಆಕ್ಸ್‌ಫರ್ಡ್ ಹತ್ತಿರದ ವೈಥಮ್ ಕಾಡಿನಲ್ಲಿ ಪೆಟ್ಟಿಗೆ ತೂಗುಹಾಕಿ, ಪೊಟರೆಯಲ್ಲಿ ಗೂಡು ಮಾಡುವ ದೊಡ್ಡ ಚೇಕಡಿ (ಗ್ರೇಟ್ ಟಿಟ್) ಹಕ್ಕಿಗಳ ಅಧ್ಯಯನ ಶುರುಮಾಡಿದರು. ಅದು ಇಂದಿಗೂ ನಡೆಯುತ್ತಿದೆ. ಆಕ್ಸ್‌ಫರ್ಡಿನ ಮ್ಯೂಸಿಯಂ ಗೋಪುರದಲ್ಲಿ ಬಾನಾಡಿ (ಸ್ವಿಫ್ಟ್) ಹಕ್ಕಿಗಳೂ ಗೂಡು ಮಾಡುತ್ತವೆ. ಕ್ರಿಸ್ಟೋಫರ್ ಪೆರಿನ್ಸ್ ಅವುಗಳ ಗೂಡಿಗೆ ಬೇರೆ ಗೂಡಿನ ಮರಿ ತಂದು ಸೇರಿಸಿ ನೋಡಿದರು. ಸಾಮಾನ್ಯವಾಗಿ ಎರಡೋ ಮೂರೋ ಮರಿ ಸಾಕುವ ಜೋಡಿಗೆ ನಾಲ್ಕು ಮರಿ. ಜಾಗ ಇತ್ತು. ಆದರೆ ಕೊನೆಗೆ ಹಾರಿಹೋದ ಮರಿಗಳು ಮೂರಿದ್ದ ಗೂಡಿಗಿಂತ ಕಡಿಮೆ. ಗಾಳಿಯಲ್ಲಿ ಹಿಡಿಯುವ ಹುಳ ಅಷ್ಟೇ ಇದೆ, ಹಂಚುವ ಬಾಯಿ ಜಾಸ್ತಿಯಾಯಿತು.

ನಮ್ಮ ಜುಟ್ಟಿನ ಬಾನಾಡಿಯೂ ಗಾಳಿಯಲ್ಲೇ ಹುಳ ಹಿಡಿಯುವ ಹಕ್ಕಿ. ಅದರ ಒಂಟಿ ಮೊಟ್ಟೆಯ ಗುಟ್ಟಿನ ಒಂದು ಪಾಲು ಇಲ್ಲೇ ಇರಬೇಕು ಅನ್ನುವುದು ನನ್ನ ಎಣಿಕೆ.

ಲ್ಯಾಕ್ ಅವರ ಮಾತು ಪೂರ್ತಿ ಸರಿಹೋಗಲಿಲ್ಲ. ಎಷ್ಟೋ ಹಕ್ಕಿಗಳಿಗೆ ಒಂದೆರಡು ಮರಿ ಜಾಸ್ತಿ ಕೊಟ್ಟರೆ ಹೇಗೋ ಸಾಕಿಬಿಡುತ್ತವೆ. ಆದರೆ ಬೆಲೆ ಬೇರೆ ಕಡೆ ತೆರಬೇಕಾಗುತ್ತದೆ. ಮರಿಗಳು ಸೊರಗಿ ಹೊರಬರುತ್ತವೆ, ತಾಯಿ ಮುಂದಿನ ವರ್ಷದವರೆಗೆ ಬದುಕುವುದು ಕಷ್ಟವಾಗುತ್ತದೆ. ಮೊಟ್ಟೆ ಇಡುವುದೇ ದೊಡ್ಡ ಖರ್ಚು. ಯುರೋಪಿನ ನೀಲಿ ಚೇಕಡಿಯ ತೂಕ 11 ಗ್ರಾಂ ಹತ್ತಿರ, ಅದರ ಒಂದು ಮೊಟ್ಟೆ ಗ್ರಾಮಿಗೆ ಸ್ವಲ್ಪ ಮೇಲೆ. ದಿನಕ್ಕೊಂದರಂತೆ ಹನ್ನೊಂದು ಹನ್ನೆರಡು ಮೊಟ್ಟೆ ಇಟ್ಟರೆ, ಎರಡು ವಾರದೊಳಗೆ ತನ್ನಷ್ಟೇ ತೂಕದ ಮೊಟ್ಟೆ ಹೊರಹಾಕಿದ ಹಾಗೆ.

ಕಾವಿನ ಮಿತಿಯೂ ಒಂದಿದೆ. ಇದನ್ನು ನಾಟಿ ಕೋಳಿ ಸಾಕಿದವರಿಗೆ ಹೇಳಿಕೊಡಬೇಕಿಲ್ಲ. ನಮ್ಮಜ್ಜಿ ಬುಟ್ಟಿಗೆ ಬೂದಿ, ಹುಲ್ಲು ಹಾಕಿ ಕೋಳಿಯನ್ನು ಕಾವಿಗೆ ಕೂರಿಸುವಾಗ ಮೊಟ್ಟೆ ಎಣಿಸಿ ಇಡುತ್ತಿದ್ದರು. "ಬುಟ್ಟಿ ನೋಡಿ ಇಡಬಾರದು, ಕೋಳಿ ನೋಡಿ ಇಡಬೇಕು" ಅನ್ನುತ್ತಿದ್ದರು. ದೊಡ್ಡ ಬುಟ್ಟಿ ಇದೆ ಅಂತ ಜಾಸ್ತಿ ಇಟ್ಟರೆ ಅಂಚಿನವು ತಣ್ಣಗಾಗುತ್ತವೆ. ಕೋಳಿ ಮೊಟ್ಟೆಗಳನ್ನು ಆಗಾಗ ಉರುಳಿಸಿ ಜಾಗ ಬದಲಿಸುತ್ತದೆ. ಹಾಗಾಗಿ ಇವತ್ತು ಒಂದು ಅಂಚಿನಲ್ಲಿದ್ದರೆ ನಾಳೆ ಇನ್ನೊಂದು. ಎಲ್ಲವೂ ಸ್ವಲ್ಪ ಸ್ವಲ್ಪ ಕೆಡುತ್ತವೆ.

ಟಿಟ್ಟಿಭ ಇದನ್ನು ಇನ್ನೂ ಚೆನ್ನಾಗಿ ತೋರಿಸುತ್ತದೆ. ಅದಕ್ಕೆ ಗೂಡೇ ಇಲ್ಲ ಅನ್ನಬಹುದು. ಬಯಲಲ್ಲಿ ಒಂದು ಸಣ್ಣ ತಗ್ಗು, ಸುತ್ತ ನಾಲ್ಕು ಕಲ್ಲು. ಗೋಡೆ ಇಲ್ಲದ ಗೂಡಿಗೆ ಗಾತ್ರದ ಮಿತಿ ಎಲ್ಲಿಂದ ಬರಬೇಕು? ಆದರೂ ಮೊಟ್ಟೆ ಸಾಮಾನ್ಯವಾಗಿ ನಾಲ್ಕು. ಚೂಪು ತುದಿಗಳು ಒಳಮುಖವಾಗಿ ಸೇರಿ, ನಾಲ್ಕೂ ಒಂದಕ್ಕೊಂದು ಒತ್ತಿ ಕೂರುತ್ತವೆ. ಅದರ ಹೊಟ್ಟೆಯಡಿಗೆ ಸರಿಯಾಗಿ ಹಿಡಿಸುವುದು ಅಷ್ಟೇ.

ಇನ್ನು ಶತ್ರುಗಳ ಕಡೆ ಬರೋಣ. ಗೂಡಿನ ಗಾತ್ರ ನಿಜವಾಗಿ ಆಟಕ್ಕೆ ಇಳಿಯುವುದು ಇಲ್ಲಿ.

ಎರಡು ವರ್ಷದ ಹಿಂದೆ ನಮ್ಮ ಮನೆಯ ದಾಸವಾಳದಲ್ಲಿ ಕೆಮ್ಮೀಸೆ ಪಿಕಳಾರ ಗೂಡು ಕಟ್ಟಿತ್ತು. ಕಾಫಿ ಬಟ್ಟಲಿನಷ್ಟು ಗೂಡು, ಮೂರು ಮೊಟ್ಟೆ. ಮರಿಗಳು ಹೊರಬಂದ ಮೇಲೆ ತಂದೆತಾಯಿಗಳ ಓಡಾಟ ಹೆಚ್ಚಾಯಿತು. ಅಲ್ಲಿಯವರೆಗೆ ಆ ಗಿಡವನ್ನು ಕಣ್ಣೆತ್ತಿಯೂ ನೋಡದ ಕಾಗೆ, ಆ ಓಡಾಟ ನೋಡಿಯೇ ಗೂಡು ಪತ್ತೆಮಾಡಿತು. ಒಂದು ಬೆಳಗ್ಗೆ ಗೂಡು ಖಾಲಿ. ಆ ಜೋಡಿ ಅರ್ಧ ದಿನ ಬಾಯಲ್ಲಿ ಹುಳ ಹಿಡಿದುಕೊಂಡೇ ಸುತ್ತುತ್ತಿತ್ತು.

ಮಧ್ಯ ಅಮೆರಿಕದ ಕೋಸ್ಟಾರಿಕಾದಲ್ಲಿ ದಶಕಗಟ್ಟಲೆ ಹಕ್ಕಿ ನೋಡಿದ ಅಲೆಕ್ಸಾಂಡರ್ ಸ್ಕಚ್ 1949ರಲ್ಲಿ ಹೇಳಿದ್ದು ಇದನ್ನೇ. ಬಿಸಿಲ ನಾಡಿನ ಕಾಡುಗಳಲ್ಲಿ ಗೂಡು ದೋಚುವವರು ಜಾಸ್ತಿ. ಮರಿ ಜಾಸ್ತಿಯಾದರೆ ಓಡಾಟ ಜಾಸ್ತಿ. ಓಡಾಟ ಜಾಸ್ತಿಯಾದರೆ ಗುಟ್ಟು ಬಯಲು. ಹಾಗಾಗಿ ಇಲ್ಲಿ ಎರಡು ಮೂರು ಮೊಟ್ಟೆಯೇ ಜಾಣತನ. ಇದಕ್ಕೆ ಗೂಡಿನ ಗಾತ್ರವನ್ನು ಜೋಡಿಸಿದವರು ನಾರ್ವೆಯ ಟೋರೆ ಸ್ಲಾಗ್ಸ್‌ವೋಲ್. 1982ರಲ್ಲಿ ಅವರು ಮುಂದಿಟ್ಟ ಯೋಚನೆ ಹೀಗೆ: ಜಾಸ್ತಿ ಮರಿಗೆ ದೊಡ್ಡ ಬಟ್ಟಲು ಬೇಕು, ದೊಡ್ಡ ಬಟ್ಟಲು ಕಳ್ಳರ ಕಣ್ಣಿಗೆ ಬೇಗ ಬೀಳುತ್ತದೆ. ಆದ್ದರಿಂದ ತೆರೆದ ಗೂಡಿನ ಹಕ್ಕಿಗಳು ಗೂಡನ್ನೂ ಚಿಕ್ಕದು ಮಾಡುತ್ತವೆ, ಮೊಟ್ಟೆಯನ್ನೂ ಕಡಿಮೆ ಇಡುತ್ತವೆ. ಮುಂದೆ 1990ರಲ್ಲಿ ಡೆನ್ಮಾರ್ಕಿನ ಆಂಡರ್ಸ್ ಪೇಪ್ ಮೊಲ್ಲರ್ ಯುರೋಪಿನ ಬ್ಲ್ಯಾಕ್‌ಬರ್ಡ್ ಗೂಡುಗಳ ಮೇಲೆ ಪರೀಕ್ಷೆ ಮಾಡಿದರು. ದೊಡ್ಡ ಗೂಡುಗಳೇ ಹೆಚ್ಚು ಲೂಟಿಯಾದವು.

ಮರದ ಪೊಟರೆಯೊಳಗೆ ಈ ಭಯ ಕಡಿಮೆ. ಅದಕ್ಕೆ ತಕ್ಕಂತೆ ಪೊಟರೆ ಹಕ್ಕಿಗಳ ಮೊಟ್ಟೆಯೂ ಸಾಮಾನ್ಯವಾಗಿ ಜಾಸ್ತಿ. ಪಿಕಳಾರಕ್ಕೆ ಎರಡು ಮೂರು, ಪೊಟರೆಯ ಮಡಿವಾಳ ಹಕ್ಕಿಗೆ ನಾಲ್ಕೈದು. ಆದರೆ ಇಲ್ಲೊಂದು ಸೂಕ್ಷ್ಮ ಇದೆ, ನನಗೆ ಬಹಳ ಇಷ್ಟವಾದದ್ದು. ಕುಟ್ರು ಹಕ್ಕಿ ತನ್ನ ಪೊಟರೆಯನ್ನು ತಾನೇ ಕೊರೆಯುತ್ತದೆ, ಮೊಟ್ಟೆ ಸಾಮಾನ್ಯವಾಗಿ ಮೂರು. ಗೊರವಂಕಕ್ಕೆ ಕೊರೆಯಲು ಬಾರದು, ಸಿದ್ಧ ಪೊಟರೆ ಸಿಗಬೇಕು, ಮೊಟ್ಟೆ ನಾಲ್ಕೈದು. ಸಿದ್ಧ ಪೊಟರೆ ಸಿಗುವುದು ಅದೃಷ್ಟ. ಮುಂದಿನ ವರ್ಷ ಸಿಗುತ್ತದೋ ಇಲ್ಲವೋ. ಸಿಕ್ಕಾಗ ಆದಷ್ಟು ಮರಿ ಮಾಡಿಬಿಡಬೇಕು. ಕೊರೆಯುವ ಹಕ್ಕಿಗೆ ಆ ಅವಸರ ಇಲ್ಲ. ದಕ್ಷಿಣ ಅಮೆರಿಕದ ಒಂದು ಪುಟ್ಟ ಗಿಳಿಯನ್ನು ಅಧ್ಯಯನ ಮಾಡಿದ ಬೀಸಿಂಜರ್ ಮತ್ತು ವಾಲ್ಟ್‌ಮನ್ 1991ರಲ್ಲಿ ಇಂಥದೇ ವಿವರಣೆ ಕೊಟ್ಟರು. ಇಲ್ಲಿ ಮೊಟ್ಟೆಯ ಸಂಖ್ಯೆ ತೀರ್ಮಾನವಾಗುವುದು ಪೊಟರೆಯ ಅಗಲದಿಂದ ಮಾತ್ರ ಅಲ್ಲ, ಪೊಟರೆ ಎಷ್ಟು ಅಪರೂಪ ಅನ್ನುವುದರಿಂದ ಕೂಡ.

ಇದಕ್ಕೆ ವಿರುದ್ಧವಾದ ದೊಡ್ಡ ಉದಾಹರಣೆ ದಾಂಡೇಲಿಯ ದಾಸ ಮಂಗಟ್ಟೆ. ಭಾರಿ ಪೊಟರೆ, ಬಾಗಿಲನ್ನೂ ಮುಚ್ಚಿ ಸಣ್ಣ ಸೀಳು ಮಾತ್ರ ಬಿಟ್ಟಿರುತ್ತದೆ, ಒಳಗೆ ಶತ್ರು ಬರಲಾರದು. ಆದರೂ ಮೊಟ್ಟೆ ಒಂದೋ ಎರಡೋ. ಯಾಕೆಂದರೆ ಹೆಣ್ಣು ತಿಂಗಳುಗಟ್ಟಲೆ ಒಳಗೆ ಸೆರೆ. ಹೊರಗಿನಿಂದ ಹಣ್ಣು ತರುವುದು ಗಂಡೊಂದೇ.

ಇಲ್ಲಿಯವರೆಗೆ ಹೇಳಿದ್ದು ಒಂದು ಜಾತಿಗೂ ಇನ್ನೊಂದು ಜಾತಿಗೂ ಇರುವ ವ್ಯತ್ಯಾಸ. ಒಂದೇ ಜಾತಿಯೊಳಗೆ ನೋಡಿದರೆ ಚಿತ್ರವೇ ಬದಲಾಗುತ್ತದೆ. ಅಲ್ಲಿ ಗೂಡು ದೊಡ್ಡದಾದರೆ ಮೊಟ್ಟೆ ನಿಜವಾಗಿ ಜಾಸ್ತಿಯಾಗುತ್ತದೆ!

1977ರಲ್ಲಿ ಸ್ವೀಡನ್ನಿನ ಕಾರ್ಲ್‌ಸನ್ ಮತ್ತು ನಿಲ್ಸನ್ ಪೆಟ್ಟಿಗೆಯ ತಳ ಅಗಲವಾದಂತೆ ಒಳಗಿನ ಮೊಟ್ಟೆ ಹೆಚ್ಚುವುದನ್ನು ತೋರಿಸಿದರು. ಇಂಥ ಕೆಲಸದಲ್ಲಿ ಒಂದು ಮೋಸ ಅಡಗಿರುತ್ತದೆ. ಗಟ್ಟಿಮುಟ್ಟಾದ, ಅನುಭವ ಇರುವ ಹಕ್ಕಿ ಒಳ್ಳೆಯ ದೊಡ್ಡ ಜಾಗ ಹಿಡಿಯುತ್ತದೆ, ಅದೇ ಜಾಸ್ತಿ ಮೊಟ್ಟೆಯೂ ಇಡುತ್ತದೆ. ಆಗ ಪೆಟ್ಟಿಗೆಯ ಕಾರಣವೋ ಹಕ್ಕಿಯ ಕಾರಣವೋ ಹೇಳುವುದು ಹೇಗೆ? ಅದಕ್ಕೇ ಬಹಳ ಕಡೆಯ ಲೆಕ್ಕ ಒಟ್ಟಿಗೆ ಬೇಕು. 2014ರಲ್ಲಿ ಮೊಲ್ಲರ್ ಮತ್ತು ಅನೇಕ ಸಂಗಡಿಗರು 21 ಜಾತಿಯ ಹಕ್ಕಿಗಳ 17,472 ಗೂಡುಗಳ ಅಳತೆ ಒಟ್ಟುಹಾಕಿದರು. ತಳದ ವಿಸ್ತಾರ ಹೆಚ್ಚಿದಂತೆ ಮೊಟ್ಟೆಯೂ ಹೆಚ್ಚುತ್ತದೆ. ಪೊಟರೆ ಹಕ್ಕಿ, ತೆರೆದ ಗೂಡಿನ ಹಕ್ಕಿ ಎರಡರಲ್ಲೂ ಇದು ಕಂಡಿತು.

ಆ ಕೆಲಸದಲ್ಲಿ ಇನ್ನೊಂದು ಮಾತಿತ್ತು. ಎಲ್ಲಿ ಪೆಟ್ಟಿಗೆಗಳು ಬಹಳ ಚಿಕ್ಕವೋ ಅಲ್ಲಿ ಸ್ವಲ್ಪ ಅಗಲ ಹೆಚ್ಚಿದರೂ ಮೊಟ್ಟೆಯಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ. ಎಲ್ಲಿ ಮೊದಲೇ ದೊಡ್ಡವೋ ಅಲ್ಲಿ ಇನ್ನಷ್ಟು ಹೆಚ್ಚಿಸಿದರೆ ಅಷ್ಟು ಬದಲಾಗುವುದಿಲ್ಲ. ಒಂದೇ ಕೋಣೆಯ ಮನೆಗೆ ಇನ್ನೊಂದು ಕೋಣೆ ಕಟ್ಟಿಸಿದರೆ ಬದುಕೇ ಬದಲಾಗುತ್ತದೆ, ಮದುವೆ ಛತ್ರಕ್ಕೆ ಒಂದು ಕೋಣೆ ಸೇರಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ, ಅಲ್ವಾ? ಗೂಡು ಮಿತಿ ಹಾಕಬಲ್ಲದು, ಆದರೆ ಮೊಟ್ಟೆಯನ್ನು ಹುಟ್ಟಿಸಲಾರದು ಅಂತ ನಾನು ಹೇಳುವುದು ಇದಕ್ಕೇ. ಮಿತಿ ಸಡಿಲವಾದ ಮೇಲೆ ಊಟ, ಕಾವು, ಶತ್ರು, ತಾಯಿಯ ಶಕ್ತಿ ಇವುಗಳ ಮಾತು ನಡೆಯುತ್ತದೆ.

ಇದಕ್ಕೆ ಚೇಕಡಿ ಹಕ್ಕಿಯೇ ಒಳ್ಳೆಯ ಉದಾಹರಣೆ. ಇಂಗ್ಲೆಂಡಿನ ದೊಡ್ಡ ಚೇಕಡಿ ಎಂಟೊಂಬತ್ತು ಮೊಟ್ಟೆ ಇಡುತ್ತದೆ. ನಮ್ಮ ಬೂದು ಚೇಕಡಿ ಅದರ ಹತ್ತಿರದ ನೆಂಟ, ಅದೇ ಥರದ ಪೊಟರೆಯಲ್ಲಿ ನಾಲ್ಕರಿಂದ ಆರು. ಪೊಟರೆ ಇಲ್ಲಿ ಕಿರಿದಾಗಿಲ್ಲ. ಅಲ್ಲಿ ವಸಂತದಲ್ಲಿ ಓಕ್ ಮರಗಳ ತುಂಬ ಕಂಬಳಿಹುಳದಂಥ ಹುಳಗಳು ಒಮ್ಮೆಲೇ ಏಳುತ್ತವೆ, ಹಗಲೂ ಬಹಳ ಉದ್ದ. ನಮ್ಮಲ್ಲಿ ಹಗಲು ಅಷ್ಟು ಉದ್ದ ಇಲ್ಲ, ಹುಳಗಳೂ ಒಂದೇ ಸಲ ಹಾಗೆ ಏಳುವುದಿಲ್ಲ.

ಇಕ್ಕಟ್ಟಿನ ಗೂಡಿನಲ್ಲಿ ಆಗುವ ತೊಂದರೆ ಏನು? ಮುಖ್ಯವಾದದ್ದು ಸೆಕೆ. ಮರಿಗಳು ಒಂದು ವಾರ ದಾಟುವ ಹೊತ್ತಿಗೆ ತಮ್ಮ ಮೈ ತಾವೇ ಬೆಚ್ಚಗಿಟ್ಟುಕೊಳ್ಳುತ್ತವೆ. ಎಂಟು ಮರಿ ಒತ್ತೊತ್ತಾಗಿ ಕೂತರೆ ಆ ಬಿಸಿ ಹೊರಹೋಗಲು ದಾರಿ ಇಲ್ಲ. ನೆದರ್ಲೆಂಡ್ಸಿನ ಸಂಶೋಧಕರು ಚಿಕ್ಕ ಪೆಟ್ಟಿಗೆಯಲ್ಲಿ ದೊಡ್ಡ ಸಂಸಾರ ಹೀಗೆ ಬೆಂದುಹೋಗುವ ಅಪಾಯವನ್ನು ಬಹಳ ಹಿಂದೆಯೇ ಗುರುತಿಸಿದ್ದರು. ಅದು ಅಲ್ಲಿನ ತಂಪು ಹವೆಯಲ್ಲಿ! ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ತಗಡಿನ ಪೆಟ್ಟಿಗೆ ನೇತುಹಾಕಿದರೆ ಏನಾಗಬಹುದು, ಯೋಚಿಸಿ. ತೀರಾ ದೊಡ್ಡ ಗೂಡಿನಲ್ಲಿ ಇದರ ಉಲ್ಟಾ ಕಷ್ಟ. ಎರಡು ಮೂರು ಮರಿಗಳ ಬಿಸಿ ಹರಡಿಹೋಗುತ್ತದೆ, ತಳ ತುಂಬಲು ತಾಯಿ ಜಾಸ್ತಿ ಹುಲ್ಲು ಪುಕ್ಕ ಹೊರಬೇಕು.

ಈ ಸಮಸ್ಯೆಯನ್ನು ಅಚ್ಚುಕಟ್ಟಾಗಿ ಬಿಡಿಸಿಕೊಂಡಿರುವುದು ಯುರೋಪಿನ ಉದ್ದಬಾಲದ ಚೇಕಡಿ. ಪಾಚಿಯನ್ನು ಜೇಡರ ಬಲೆಯಿಂದ ಹೆಣೆದು, ಒಳಗೆ ಸಾವಿರಕ್ಕೂ ಹೆಚ್ಚು ಪುಕ್ಕ ತುಂಬಿ ಮುಚ್ಚಿದ ಚೀಲ ಮಾಡುತ್ತದೆ. ಮೊಟ್ಟೆ ಇದ್ದಾಗ ಬಿಗಿಯಾಗಿ ಬೆಚ್ಚಗಿರುತ್ತದೆ, ಎಂಟು ಹತ್ತು ಮರಿಗಳು ಬೆಳೆದಂತೆ ಜೇಡರ ನೂಲು ಹಿಗ್ಗಿ ಗೂಡೂ ಉಬ್ಬುತ್ತದೆ.

ಈಗ ನಮ್ಮ ಗುಬ್ಬಚ್ಚಿಗೆ ಬರುತ್ತೇನೆ. ಮಾರ್ಚ್ 20 ಬಂದರೆ ಎಲ್ಲೆಡೆ ಪೆಟ್ಟಿಗೆ ಹಂಚುತ್ತಾರೆ. ಒಳ್ಳೆಯ ಕೆಲಸ, ಮನಸ್ಸಿಟ್ಟು ಮಾಡುವವರು ಇದ್ದಾರೆ. ಆದರೆ ನಾನು ನೋಡಿದ ಎಷ್ಟೋ ಪೆಟ್ಟಿಗೆಗಳ ತಳ ಅಂಗೈ ಅಗಲವೂ ಇಲ್ಲ. ಗುಬ್ಬಿ ಹುಲ್ಲು ತುಂಬಿಸುವುದರಲ್ಲಿ ಧಾರಾಳಿ, ಇದ್ದಬದ್ದ ಜಾಗಕ್ಕೆಲ್ಲ ತುರುಕುತ್ತದೆ. ಆಮೇಲೆ ಉಳಿಯುವ ಬಟ್ಟಲಿನಲ್ಲಿ ಮೂರರಿಂದ ಐದು ಮೊಟ್ಟೆ ಹಿಡಿಸಬೇಕು, ಮರಿಗಳು ಬೆಳೆಯಬೇಕು.

ತಳ ಎರಡೂ ಕಡೆ 12ರಿಂದ 15 ಸೆಂಟಿಮೀಟರ್ ಇರಲಿ. ಬಾಗಿಲ ತೂತು 3.2 ಸೆಂಟಿಮೀಟರ್ ಸಾಕು, ಇನ್ನೂ ದೊಡ್ಡದಾದರೆ ಗೊರವಂಕ ನುಗ್ಗುತ್ತದೆ. ತೂತು ತಳದಿಂದ ಸಾಕಷ್ಟು ಮೇಲಿರಲಿ, ಇಲ್ಲದಿದ್ದರೆ ಹುಲ್ಲು ತುಂಬಿದ ಮೇಲೆ ಮೊಟ್ಟೆ ಬಾಗಿಲಿಗೇ ಬರುತ್ತದೆ. ಮರದ ಹಲಗೆ ಒಳ್ಳೆಯದು, ತಗಡು ಬೇಡ. ಮಧ್ಯಾಹ್ನದ ಬಿಸಿಲು ಬೀಳದ ಗೋಡೆ ಹುಡುಕಿ. ಗಾಳಿಗೆ ಮೇಲ್ಭಾಗದಲ್ಲಿ ಎರಡು ಸಣ್ಣ ತೂತು ಕೊರೆಯಿರಿ.

ಪೆಟ್ಟಿಗೆಯ ಹತ್ತಿರ ಅಕ್ಕಿ ಚೆಲ್ಲಿದರೆ ದೊಡ್ಡ ಗುಬ್ಬಿಗಳು ಬರುತ್ತವೆ. ಆದರೆ ಮರಿಗಳಿಗೆ ಮೊದಲ ದಿನಗಳಲ್ಲಿ ಬೇಕಾದದ್ದು ಮೆತ್ತಗಿನ ಹುಳ. ನಮ್ಮ ಮಹಡಿಯ ಮೇಲೆ ಅವರೆ ಬಳ್ಳಿ ಹಬ್ಬಿಸಿದ್ದೇವೆ, ಔಷಧಿ ಹೊಡೆಯುವುದಿಲ್ಲ. ಕಾಯಿ ಅರ್ಧಕ್ಕರ್ಧ ಹುಳುಕು. ಕಳೆದ ಬೇಸಿಗೆಯಲ್ಲಿ ಪಕ್ಕದ ಪೆಟ್ಟಿಗೆಯ ಜೋಡಿ ಬೆಳಗ್ಗೆ ಆರೂವರೆಗೆ ಶುರುಮಾಡಿ ಆ ಬಳ್ಳಿಯಿಂದಲೇ ಹಸಿರು ಹುಳ ಹೊತ್ತೊಯ್ಯುತ್ತಿತ್ತು. ಒಂದು ಗಂಟೆಯಲ್ಲಿ ಹದಿನೆಂಟು ಸಲ ಎಣಿಸಿದೆ. ಒಳಗೆ ನಾಲ್ಕು ಮರಿಗಳಿದ್ದವು, ನಾಲ್ಕೂ ಹಾರಿದವು.